ಹದಪಾಠ

ಆ ವರ್ಷವೂ ಬಡಗಣದ ಮಕ್ಕಳೇ ಮುಂದಿದ್ದರು.

ಪರದೆಯ ಮೇಲಿನ ಅಂಕಗಳ ಎರಡು ಗೆರೆಗಳನ್ನು ಶಶಿರೇಖಾ ಎಷ್ಟು ಹೊತ್ತು ದಿಟ್ಟಿಸಿದರೂ ಅವು ಹತ್ತಿರ ಬರಲಿಲ್ಲ. ಮೇಲಿನದು ಬಡಗಣದ್ದು, ಕೆಳಗಿನದು ಅವಳ ದೇಶ ತೆಂಕಣದ್ದು. ಅವಳ ಮುತ್ತಜ್ಜನ ಕಾಲಕ್ಕೆ ಎರಡೂ ಒಂದೇ ನಾಡು. ಆಮೇಲೆ ತುಂಗಭದ್ರೆಯೇ ಗಡಿಯಾಯಿತು. ಮಾತು ಅದೇ, ಬಿಸಿಲು ಅದೇ, ಮಕ್ಕಳ ಮೂಗು ಸೋರುವುದೂ ಅದೇ. ದೇಶ ಮಾತ್ರ ಬೇರೆ. ಪಾಲಾದ ಅಣ್ಣತಮ್ಮಂದಿರು ಒಬ್ಬರ ಒಲೆಯ ಹೊಗೆಯನ್ನು ಇನ್ನೊಬ್ಬರು ಅಳೆಯುವ ಹಾಗೆ ಎರಡು ದೇಶಗಳೂ ಒಂದನ್ನೊಂದು ಅಳೆಯುತ್ತಿದ್ದವು. ಹೊಳೆಯ ನಡುಗಡ್ಡೆಯ ಮೇಲೆ ಅಳೆಯುವುದಕ್ಕೆಂದೇ ತುಲನಾ ಭವನ ಕಟ್ಟಿಸಿದ್ದವು. ವರ್ಷಕ್ಕೊಮ್ಮೆ ಎರಡೂ ಕಡೆಯ ಮೂರನೇ ತರಗತಿಯ ಮಕ್ಕಳು ದೋಣಿಯಲ್ಲಿ ಬಂದು ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಬೇಕು. ಯಾರ ಪಠ್ಯಸುಧಾರಣೆ ಫಲ ಕೊಟ್ಟಿತು, ಯಾಕೆ ಕೊಟ್ಟಿತು ಎಂದು ಎರಡೂ ದೇಶದ ಒಬ್ಬೊಬ್ಬ ಅಧಿಕಾರಿ ಕೂತು ವರದಿ ಬರೆಯಬೇಕು. ತೆಂಕಣದ ಪರವಾಗಿ ಶಶಿರೇಖಾ, ಬಡಗಣದ ಪರವಾಗಿ ಗವಿಸಿದ್ದಪ್ಪ.

"ಇದು ಮೂರನೇ ಸಲ ಸಾರ್. ಈ ಸಲನೂ ಬೆಳಗಿನ ತಿಂಡಿಯಿಂದಲೇ ಅಂತೀರಾ?" ಎಂದಳು ಶಶಿರೇಖಾ.

ಗವಿಸಿದ್ದಪ್ಪ ಐವತ್ತು ದಾಟಿದ, ಅಳೆದು ತೂಗಿ ಮಾತಾಡುವ ಮನುಷ್ಯ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ತಿಂಡೀನ ಮೇಡಮ್ಮಾರ. ಹಸದ ಹೊಟ್ಟಿಗೆ ಪಾಠ ಹತ್ತಂಗಿಲ್ಲ. ನಾವು ಮುಂಜಾನೆದ್ದು ಸಜ್ಜಿ ಗಂಜಿ ಕೊಡ್ತೀವಿ. ನೀವು ಇನ್ನಾ ಸರಿಯಾಗಿ ಕೊಡವಲ್ರಿ, ಅಷ್ಟ."

"ಕೊಡ್ತಾನೇ ಇದ್ದೀವಿ. ನಮ್ಮ ಮಕ್ಕಳು ದಪ್ಪ ಆಗಿದ್ದು ಬಿಟ್ರೆ ಬೇರೇನೂ ಆಗಿಲ್ಲ."

ಅವನು ನಕ್ಕ. ಅಷ್ಟರಲ್ಲಿ ಹೊರಗಿನ ಪಡಸಾಲೆಯಲ್ಲಿ ಕಬ್ಬಿಣದ ಬಾಗಿಲು ದಢಾರನೆ ಮುಚ್ಚಿದ ಸದ್ದಾಯಿತು. ಶಶಿರೇಖಾ ಎದ್ದು ಓಡಿದಳು.

ಬಡಗಣದ ಸಮವಸ್ತ್ರದಲ್ಲಿದ್ದ ಹುಡುಗಿಯೊಬ್ಬಳ ಬೆರಳು ಬಾಗಿಲ ಸಂದಿಗೆ ಸಿಕ್ಕಿತ್ತು. ಅವಳು ಇನ್ನೊಂದು ಕೈಯಿಂದ ಬಾಗಿಲು ತಳ್ಳಿ ಬೆರಳು ಬಿಡಿಸಿಕೊಂಡಳು. ಉಗುರು ಕಪ್ಪಾಗಿ ರಕ್ತ ಜಿನುಗುತ್ತಿತ್ತು. ಕಣ್ಣಿಂದ ನೀರು ದಳದಳ ಇಳಿಯಿತು. ಬಾಯಿಂದ ಮಾತ್ರ ಒಂದು ಸೊಲ್ಲಿಲ್ಲ. ಅವಳ ಟೀಚರು ನಾಲ್ಕು ಮಾರು ದೂರದಲ್ಲೇ ನಿಂತಿದ್ದರು. ಹುಡುಗಿ ಅತ್ತ ತಿರುಗಲಿಲ್ಲ. ಗೆಳತಿಯರ ಮುಖವನ್ನೂ ನೋಡಲಿಲ್ಲ. ಹೆದರಿ "ಅಯ್ಯಮ್ಮಾ" ಎಂದು ಕೂಗಿದ್ದು ಪಕ್ಕದ ಸಾಲಿನ ತೆಂಕಣದ ಮಕ್ಕಳು.

ಶಶಿರೇಖಾ ಕುಕ್ಕುರುಗಾಲಲ್ಲಿ ಕೂತು ಆ ಕೈ ಹಿಡಿದುಕೊಂಡಳು. "ತುಂಬಾ ನೋವಾಯ್ತಾ ಪುಟ್ಟಾ?"

"ಹೌದ್ರಿ. ಔಷಧ ಎಲ್ಲಿ ಇಟ್ಟಾರ್ರಿ?"

ಶಶಿರೇಖಾ ತಡೆಯಲಾರದೆ ಅವಳನ್ನು ಎದೆಗೆ ಒತ್ತಿಕೊಂಡಳು. ಹುಡುಗಿ ಕೈ ಇಳಿಬಿಟ್ಟು, ಮಳೆ ನಿಲ್ಲಲಿ ಎಂದು ಮರದಡಿ ನಿಂತವರ ಹಾಗೆ, ಅದು ಮುಗಿಯುವ ತನಕ ನಿಂತಿದ್ದಳು.

ಮನೆಯಲ್ಲಿ ಶಶಿರೇಖಾಗೂ ಏಳು ವರ್ಷದ ಮಗಳಿದ್ದಳು. ಹಾಗಾಗಿ ಅವಳಿಗೆ ಆ ಮಗು ನಿಂತ ರೀತಿಯನ್ನು ಮರೆಯುವುದಾಗಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಎರಡೂ ಕಡೆಯ ಮಕ್ಕಳು ದೊಡ್ಡ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ಈ ಕಾಲದ ಶಾಲೆಯೆಂದರೆ ಅರ್ಧ ಪಾಠ, ಅರ್ಧ ನಿದ್ದೆ. ನಿದ್ದೆಯಲ್ಲಿ ಮಿದುಳು ಎಚ್ಚರದಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ತನ್ನಷ್ಟಕ್ಕೆ ಮತ್ತೆ ಆಡಿಸಿಕೊಳ್ಳುತ್ತದೆ. ಆಡಿಸಿದ್ದು ಉಳಿಯುತ್ತದೆ, ಆಡಿಸದೆ ಬಿಟ್ಟದ್ದು ಅಳಿಯುತ್ತದೆ. ಮಕ್ಕಳ ತಲೆಗೆ ಹಾಕುವ ತೆಳುವಾದ ಬಲೆಟೋಪಿ ಬೆಳಿಗ್ಗೆಯ ಪಾಠವನ್ನು ಹಿಡಿದು ಮತ್ತೆ ಮತ್ತೆ ಆಡಿಸುತ್ತಿತ್ತು. ಎರಡೂ ದೇಶಗಳಲ್ಲಿ ಟೋಪಿ ಒಂದೇ ಬಗೆಯದು. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಶಶಿರೇಖಾ ಯಂತ್ರಕೋಣೆಗೆ ಮರಳಿ, ಯಾರೂ ನೋಡುವ ಗೋಜಿಗೆ ಹೋಗದಿದ್ದ ನಿದ್ದೆಯ ದಾಖಲೆಗಳನ್ನು ತೆರೆದಳು. ತೆಂಕಣದ ಮಕ್ಕಳ ನಿದ್ದೆಯಲ್ಲಿ ಪಾಠದ ಜೊತೆ ಬೇರೆ ಏನೇನೋ ಓಡಾಡುತ್ತಿತ್ತು: ಅಮ್ಮನ ಬಳೆಯ ಸದ್ದು, ಅಜ್ಜಿಯ ಸೆರಗಿನ ವಾಸನೆ, ಅಪ್ಪನ ಬೈಕು ತಿರುವಿನಲ್ಲಿ ಬಂದಾಗಿನ ಹಿಗ್ಗು. ವಿಜ್ಞಾನಿಗಳು ಅದನ್ನು ಮನೆಗದ್ದಲ ಎನ್ನುತ್ತಿದ್ದರು. ನಿದ್ದೆಯ ಬಹುಪಾಲನ್ನು ಅದೇ ನುಂಗುತ್ತಿತ್ತು. ಬಡಗಣದ ಮಕ್ಕಳ ನಿದ್ದೆಯಲ್ಲಿ ಅದರ ಸುಳಿವೇ ಇರಲಿಲ್ಲ. ಗುಡಿಸಿ ಸಾರಿಸಿದ ಕಣದ ಹಾಗೆ ಎಲ್ಲ ಚೊಕ್ಕಟ. ಆ ಕಣದ ತುಂಬ ಮಗ್ಗಿ, ವ್ಯಾಕರಣ, ಭೂಪಟ.

ಯಾರೋ ಅದನ್ನು ಅಳಿಸಿದ್ದರು. ಮಿದುಳು ಒಂದು ನೆನಪನ್ನು ಆಡಿಸುವ ಗಳಿಗೆಯಲ್ಲಿ ಅದು ಹಸಿಮಣ್ಣಿನ ಹಾಗೆ ಮೆತ್ತಗಿರುತ್ತದೆ. ಆಗ ಅದನ್ನು ಗಟ್ಟಿ ಮಾಡಬಹುದು, ಬೇಕೆಂದರೆ ಅಳಿಸಲೂಬಹುದು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಕ್ಕಳ ಮೇಲೆ ಯಾರೂ ಹಾಗೆ ಮಾಡಲಾರರೆಂದು ಎಲ್ಲರೂ ನಂಬಿದ್ದ ಸಂಗತಿಯೂ ಹೌದು. ಹೆಸರು, ಮುಖ, ವಿಳಾಸ ಇವೆಲ್ಲ ಮಿದುಳಿನಲ್ಲಿ ಬೇರೆಡೆ ಕೂತಿರುತ್ತವೆ, ಅವು ಹೋಗುವುದಿಲ್ಲ. ಅಮ್ಮ ಯಾರೆಂದು ಮಗುವಿಗೆ ಗೊತ್ತಿರುತ್ತದೆ. ಅಮ್ಮ ಯಾತಕ್ಕೆ ಎಂಬುದು ಗೊತ್ತಿರುವುದಿಲ್ಲ.

ಸಂಜೆ ಮಕ್ಕಳ ದೋಣಿಗಳು ಹೋದ ಮೇಲೆ ದಕ್ಕೆಯ ಕಟ್ಟೆಯ ಮೇಲೆ ಅವಳು ಗವಿಸಿದ್ದಪ್ಪನನ್ನು ಹಿಡಿದು ನಿಲ್ಲಿಸಿದಳು. ಅವನು ಅಲ್ಲಗಳೆಯಲಿಲ್ಲ.

"ಹದಪಾಠ ಅಂತೀವ್ರಿ ನಾವು," ಎಂದ. "ಬಿತ್ತೂಕಿಂತ ಮೊದ್ಲ ಹೊಲ ಹದ ಮಾಡಿದಂಗ."

"ಗಂಜಿ ಗಂಜಿ ಅಂತ ಇಷ್ಟು ವರ್ಷ ನನಗೆ ಸುಳ್ಳು ಹೇಳಿದ್ರಿ!"

"ಹೇಳೀನಿ. ಬೇಕಂತ ಹೇಳೀನಿ. ಖರೇ ಕಾರಣಾ ಬರದು ದೊಡ್ಡಸ್ತಿಕಿ ತೋರಸು ಅಂತ ನಮ್ಮ ಸರಕಾರದವರು ಹೇಳಿ ಕಳಸ್ತಾರ. ನಾ ಇಲ್ಲಿ ಬಂದು ಗಂಜಿ ಅಂತ ಬರೀತೀನಿ. ಖರೇನ ಬರದೀನಿ ಅಂತ ಅವರಿಗೂ ಸುಳ್ಳ, ನಿಮಗೂ ಸುಳ್ಳ."

"ಯಾಕೆ?"

"ಖರೇ ಗೊತ್ತಾದ್ರ ನಿಮ್ಮ ಕಡೀನೂ ಇದನ್ನ ಮಾಡ್ತಾರ, ಅದಕ್ಕ."

ಶಶಿರೇಖಾಗೆ ರೇಗಿಹೋಯಿತು. "ನಮ್ಮೋರು ಅಷ್ಟು ಕಟುಕರಲ್ಲ ಸಾರ್."

"ನಮ್ಮವ್ರೂ ಕಟುಕರಲ್ರಿ. ಮಕ್ಕಳಿಗೆ ಚಲೋ ಆಗ್ಲಿ ಅಂತನ ಮಾಡಿದ್ರು." ಅವನು ನೀರಿನ ಕಡೆ ನೋಡುತ್ತ ನಿಂತ. "ನನ್ನ ಮಗಾ ಪಂಪಣ್ಣ. ಹೋದ ತಿಂಗಳ ಅವರವ್ವ ತೀರಿಕೊಂಡ್ಳು. ಮಣ್ಣ ಮಾಡಿ ಮನಿಗೆ ಬಂದ್ವಿ. ಕೈಕಾಲ ತೊಳಕೊಂಡು ಬಂದು, ಅಪ್ಪಾ, ನಾಳೆ ಸಾಲಿಗೆ ಹೋಗ್ಲೇನು ಅಂದ. ಕೆಟ್ಟ ಹುಡುಗ ಅಲ್ಲ ಮೇಡಮ್ಮಾರ. ಭಾಳ ಚಲೋ ಹುಡುಗ. ಎಲ್ಲಾದ್ರಾಗೂ ಫಸ್ಟ್."

ಶಶಿರೇಖಾಳಲ್ಲಿ ಸಂಶಯ ತಲೆಯೆತ್ತಿತು. ಮುಖದ ಗೆರೆ ಅಲುಗದೆ ಇಷ್ಟು ವರ್ಷ ಸುಳ್ಳು ಹೇಳಿದವನು ಇವನು. ಹೆಂಡತಿಯ ಸಾವನ್ನು ಹೇಳಿ ತನ್ನ ದೇಶದ ಮಾನ ಮುಚ್ಚುತ್ತಿಲ್ಲ ಎಂದು ಹೇಗೆ ನಂಬುವುದು? ಎಷ್ಟಾದರೂ ಆಚೆ ದಡದವನು.

"ನಾನು ಬರೀತೀನಿ," ಎಂದಳು. "ನಾಲ್ಕು ಜನಕ್ಕೆ ಗೊತ್ತಾದ್ರೆ ನಿಮ್ಮ ಸರ್ಕಾರ ನಾಚಿ ನಿಲ್ಲಿಸುತ್ತೆ."

ಗವಿಸಿದ್ದಪ್ಪ ಕೈಮುಗಿದ. ಇಷ್ಟು ದಿನ ಮೇಡಂ ಎನ್ನುತ್ತಿದ್ದವನು, "ಬ್ಯಾಡ ತಂಗಿ. ಬರೀಬ್ಯಾಡ," ಎಂದ. ಅವಳು ದೋಣಿ ಹತ್ತಿದಳು.

ಮನೆಯ ಗೇಟಿನ ಚಿಲಕ ಸದ್ದಾದದ್ದೇ ತಡ, ಮಗಳು ಮೇದಿನಿ ಒಳಗಿಂದ ಓಡಿಬಂದು ಅಮ್ಮನ ಹೊಟ್ಟೆಗೆ ತಲೆ ಗುದ್ದಿದಳು. "ಅಮ್ಮಾ, ಎಂಟೇಳ್ಲ ಎಷ್ಟು ಹೇಳು?"

"ನೀನೇ ಹೇಳು."

"ನಂಗೂ ಗೊತ್ತಿಲ್ಲ!" ಎಂದು ಕೇಕೆ ಹಾಕಿ ನಕ್ಕಳು, ಅದೇ ದೊಡ್ಡ ತಮಾಷೆಯೆಂಬಂತೆ.

ಗಂಡ ಓಂಕಾರ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಅನ್ನಕ್ಕಿಡುತ್ತ ಅಡುಗೆಮನೆಯಿಂದಲೇ ಹೇಳಿದ: "ನಗ್ತಾಳೆ ನೋಡು. ಟೀಚರು ಇವತ್ತು ನನ್ನ ನಿಲ್ಲಿಸಿ ಬೈದ್ರು. ಮಗ್ಗಿ ಬರಲ್ಲ, ಕಾಗುಣಿತ ತಪ್ಪು, ಕ್ಲಾಸಲ್ಲಿ ಇವಳೇ ಕೊನೆ ಅಂತೆ. ನಿಮ್ಮ ಇಲಾಖೇಲಿ ಹೊಸದೇನಾದ್ರೂ ಬಂದ್ರೆ ಮೊದಲು ಇವಳಿಗೆ ಕೊಡಿಸು ಮಾರಾಯ್ತಿ."

"ಕೊನೆ ಇದ್ರೆ ಇರ್ಲಿ ಬಿಡು," ಎಂದಳು ಶಶಿರೇಖಾ. ನಡೆದದ್ದನ್ನು ಅವನಿಗೆ ಹೇಳಬೇಕೆಂದುಕೊಂಡಳು. ವರದಿ ಸಲ್ಲಿಸುವ ತನಕ ಯಾರಿಗೂ ಹೇಳಕೂಡದೆಂಬ ಇಲಾಖೆಯ ಕಟ್ಟುಪಾಡು ನೆನಪಾಗಿ ಸುಮ್ಮನಾದಳು.

ಆ ವಾರವಿಡೀ ಊಟದ ಮೇಜಿನ ಮೇಲೆ ವರದಿ ಬರೆದಳು. ಮೇದಿನಿ ಪಕ್ಕದ ಕುರ್ಚಿಯಲ್ಲಿ ಬಣ್ಣದ ಪೆನ್ಸಿಲು ಹರಡಿಕೊಂಡು, ಒಂದು ಕಾಲನ್ನು ಅಮ್ಮನ ತೊಡೆಯ ಮೇಲೆ ಚಾಚಿ ಕೂತಿರುತ್ತಿದ್ದಳು. ಸಿಟ್ಟಿನಲ್ಲಿ ಬರೆದರೂ ಶಶಿರೇಖಾ ಕೆಲಸದಲ್ಲಿ ಅಚ್ಚುಕಟ್ಟು. ಆರೋಪವೆಂದ ಮೇಲೆ ಪುರಾವೆ ಬೇಕು. ಯಾವ ವಯಸ್ಸಿನಲ್ಲಿ, ಎಷ್ಟು ಬಲದಲ್ಲಿ, ಎಷ್ಟು ನಿದ್ದೆಗಳಲ್ಲಿ ಅಳಿಸಿದ್ದಾರೆಂದು ದಾಖಲೆಗಳಿಂದ ಬಿಡಿಸಿ, ಇನ್ನೊಬ್ಬರು ಓದಿ ಪರೀಕ್ಷಿಸಿ ನೋಡಬಹುದಾದಷ್ಟು ಸ್ಪಷ್ಟವಾಗಿ ಬರೆದಳು.

ರಾಜಧಾನಿಯಲ್ಲಿ ಪಠ್ಯ ಮಂಡಳಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಮಹಾಲಿಂಗಯ್ಯ ಬೆಳ್ಳಿಗೂದಲಿನ, ಮೃದುಮಾತಿನ ಹಿರಿಯರು. ತಾವೇ ಅವಳ ಮುಂದೆ ಕಾಫಿ ಸರಿಸಿದರು.

"ಗಂಜಿ ಕುಡಿಸಿ ಕುಡಿಸಿ ಸಾಕಾಗಿತ್ತಮ್ಮ. ಕೊನೆಗೂ ಗುಟ್ಟು ತಂದ್ಕೊಟ್ರಿ."

"ಸರ್, ಅದು ಗುಟ್ಟಲ್ಲ. ಅಪರಾಧ. ನಾವು ಖಂಡಿಸಬೇಕು ಅಂತ ಬರ್ದಿದ್ದೀನಿ."

"ಖಂಡಿಸೋಣ. ಖಂಡಿಸಿ ಕೂತರೆ ಮುಂದಿನ ವರ್ಷನೂ ನಾವೇ ಕೆಳಗೆ." ಅವರು ಅವಳ ವರದಿಯನ್ನು ಮೃದುವಾಗಿ ಸವರಿದರು. "ನಿಮ್ಮ ಸಂಕಟ ನಂಗರ್ಥ ಆಗುತ್ತೆ. ನಾನೂ ಮೊಮ್ಮಕ್ಕಳಿರೋನು. ಆದ್ರೆ ಆಚೆ ದಡದ ಹುಡುಗರು ದೊಡ್ಡ ದೊಡ್ಡ ಯಂತ್ರ ಕಟ್ಟಿ, ನಮ್ಮ ಹುಡುಗರು ಅದರ ಧೂಳು ಒರೆಸ್ತಾ ನಿಂತ ದಿನ, ಆ ಮಕ್ಕಳು ಬಂದು ನಮ್ಮನ್ನ ಕೇಳ್ತಾರಮ್ಮ. ಆಗ ಏನು ಹೇಳೋದು? ನಿಮಗೆ ಅಜ್ಜಿ ಸೆರಗಿನ ವಾಸನೆ ಉಳಿಸಿದ್ವಿ ಅಂತ ಹೇಳೋಣ್ವಾ?"

ಮೇಜಿನ ಸುತ್ತ ಕೂತವರು ತಲೆದೂಗಿದರು. ಅವರ ಮುಖದಲ್ಲಿ ಕೇಡಿನ ಕುರುಹೂ ಇರಲಿಲ್ಲ. ಒಬ್ಬಾಕೆ ಕಣ್ಣೊರೆಸಿಕೊಂಡೇ ಕೈಯೆತ್ತಿ ಒಪ್ಪಿಗೆ ಕೊಟ್ಟಳು.

"ನಾನು ಒಪ್ಪಲ್ಲ," ಎಂದಳು ಶಶಿರೇಖಾ.

"ಒಪ್ಪಬೇಡಿ. ಆದ್ರೆ ಇದು ಆಗೇ ಆಗುತ್ತೆ. ಮಕ್ಕಳಿಗೆ ತೊಂದ್ರೆ ಆಗದ ಹಾಗೆ ನಿಯಮ ಆದ್ರೂ ನೀವು ಬರ್ಕೊಡಿ. ನಿಮ್ಮಷ್ಟು ಕಾಳಜಿ ಇರೋರು ಇಲ್ಲಿ ಬೇರೆ ಯಾರಿದ್ದಾರೆ?"

ಆ ಮಾತಿಗೆ ಅವಳು ಬಿದ್ದಳು. ತಾನು ಎದ್ದು ಹೋದರೆ ಮಕ್ಕಳ ಪರ ಯಾರೂ ಇರುವುದಿಲ್ಲ ಎಂದುಕೊಂಡು ಅತಿಥಿಗೃಹದಲ್ಲಿ ಉಳಿದಳು. ಕೆಲವು ವಾರ ಒಂದೊಂದು ಪದಕ್ಕೂ ಜಗಳವಾಡಿ ನಿಯಮ ಬರೆದಳು. ತಂದೆ ಅಥವಾ ತಾಯಿ ಸಹಿ ಹಾಕದೆ ಯಾವ ಮಗುವಿಗೂ ಹದಪಾಠ ಕೂಡದೆಂಬ ನಿಯಮವನ್ನು ಹೋರಾಡಿ ಸೇರಿಸಿದಳು. ಯಾವ ತಂದೆ, ಯಾವ ತಾಯಿ ಇದಕ್ಕೆ ಸಹಿ ಹಾಕಿಯಾರು ಎಂಬುದು ಅವಳ ನೆಚ್ಚಿಕೆ. ಓಂಕಾರ ಫೋನಿನಲ್ಲಿ, "ಬೇಗ ಬಾ, ನಿಂಗೊಂದು ಖುಷಿ ಸುದ್ದಿ ಕಾದಿದೆ," ಎಂದಾಗ, ದಣಿದಿದ್ದವಳು ಏನೆಂದು ಕೇಳಲಿಲ್ಲ.

ಊರಿಗೆ ಬಂದು ಗೇಟು ತೆಗೆದಾಗ ಒಳಗಿಂದ ಯಾರೂ ಓಡಿಬರಲಿಲ್ಲ. ಮೇದಿನಿ ಮೇಜಿನ ಮುಂದೆ ನೆಟ್ಟಗೆ ಕೂತು ಬರೆಯುತ್ತಿದ್ದಳು. ತಲೆಯೆತ್ತಿ ನೋಡಿ, "ಬಂದ್ರಾ ಅಮ್ಮ. ನೀರು ತರ್ಲಾ?" ಎಂದಳು.

ಹುಟ್ಟಿದಾಗಿನಿಂದ ಅವಳು ಅಮ್ಮನಿಗೆ "ಬಂದ್ಯಾ" ಎಂದೇ ಅಂದವಳು.

"ಹತ್ತೊಂಬತ್ತರ ಮಗ್ಗಿ ಹೇಳು ಮೇದು, ಅಮ್ಮ ಕೇಳ್ಲಿ," ಎಂದು ಓಂಕಾರ ಹಿಗ್ಗಿನಿಂದ ಹೇಳಿದ. ಮೇದಿನಿ ಎದ್ದು ನಿಂತು, ಎಲ್ಲೂ ತಡವರಿಸದೆ, ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಹೇಳಿದಳು.

"ಯಾರು ಸಹಿ ಹಾಕಿದ್ದು?" ಎಂದಳು ಶಶಿರೇಖಾ.

"ನಾನೇ. ನೀನು ಅಲ್ಲಿದ್ದಾಗ್ಲೇ ಶಾಲೇಲಿ ಶುರು ಮಾಡಿದ್ರು. ಜನಕ್ಕೆ ನಂಬಿಕೆ ಬರ್ಲಿ ಅಂತ ಇಲಾಖೆಯೋರ ಮಕ್ಕಳಿಗೇ ಮೊದಲು ಅಂದ್ರು." ಅವಳ ಮುಖ ನೋಡಿ ಅವನ ನಗು ಇಳಿಯಿತು. "ಯಾಕೆ? ಕಾಗದದ ಮೇಲೆ ದೊಡ್ಡಕ್ಷರದಲ್ಲಿ ನಿನ್ನ ಹೆಸರಿತ್ತು ಕಣೇ. ನೀನು ಕಂಡುಹಿಡಿದಿದ್ದು ಅಂತ ಇತ್ತು. ನೀನು ಮಾಡಿದ್ದನ್ನ ನಾನು ಬೇಡ ಅನ್ಲಾ?"

ಶಶಿರೇಖಾ ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಕುಸಿದಳು. ಒಳಗಿಂದ ಬಂದ ಅಳು ಅವಳ ಹಿಡಿತಕ್ಕೆ ಸಿಗಲಿಲ್ಲ. ಮೇದಿನಿ ನೀರಿನ ಲೋಟ ತಂದು ಅವಳ ಪಕ್ಕದಲ್ಲಿಟ್ಟಳು. ಒಂದು ಗಳಿಗೆ ನಿಂತು ನೋಡಿದಳು. "ಅಪ್ಪ, ಅಮ್ಮ ಅಳ್ತಿದ್ದಾರೆ," ಎಂದು ತಿಳಿಸಿ, ಹೋಗಿ ಬರೆಯಲು ಕೂತಳು.

ಓಂಕಾರ ಮಗಳನ್ನೂ ಹೆಂಡತಿಯನ್ನೂ ಬದಲಿಸಿ ಬದಲಿಸಿ ನೋಡಿದ. ಎಷ್ಟೋ ದಿನದಿಂದ ಕಣ್ಣ ಮುಂದೆಯೇ ಇದ್ದದ್ದು ಅವನಿಗೆ ಆಗ ಕಂಡಿತು. "ಸರಿ ಹೋಗುತ್ತಲ್ವಾ?" ಎಂದ. "ಅದೇ ಟೋಪಿಯಿಂದ ವಾಪಸ್ ಹಾಕ್ಬಹುದಲ್ವಾ? ಹೇಳೇ."

"ಅಳಿಸಿ ಹೋಗಿದ್ದನ್ನ ಎಲ್ಲಿಂದ ತಂದು ಹಾಕ್ಲಿ?"

ಮುಂದಿನ ವರ್ಷ ತುಲನಾ ಭವನದ ಪರದೆಯ ಮೇಲೆ ಎರಡು ಗೆರೆಗಳೂ ಒಂದರ ಮೇಲೊಂದು ಕೂತವು. ಬಡಗಣದವರು ಪೇಡೆ ತಂದಿದ್ದರು, ತೆಂಕಣದವರು ಮೈಸೂರುಪಾಕು. ಪಡಸಾಲೆಯಲ್ಲಿ ಎರಡೂ ಕಡೆಯ ಮಕ್ಕಳು ಗದ್ದಲವಿಲ್ಲದೆ ಸಾಲಾಗಿ ನಿಂತಿದ್ದರು. ಸಮವಸ್ತ್ರದ ಬಣ್ಣ ನೋಡದೆ ಯಾರು ಯಾವ ದಡದವರೆಂದು ಹೇಳುವಂತಿರಲಿಲ್ಲ.

ಗವಿಸಿದ್ದಪ್ಪನ ಕುರ್ಚಿಯಲ್ಲಿ ಬಸವಪ್ರಭು ಎಂಬ ಹೊಸ ಅಧಿಕಾರಿ ಕೂತಿದ್ದ. ಲವಲವಿಕೆಯ ಹುಡುಗ.

"ಗವಿಸಿದ್ದಪ್ಪನೋರು ಎಲ್ಲಿ?" ಎಂದು ಶಶಿರೇಖಾ ಕೇಳಿದಳು.

"ಜೇಲಿನ್ಯಾಗದಾರ್ರಿ. ದೇಶದ ಸಾಧನಾ ಮುಚ್ಚಿಟ್ರು, ಸುಳ್ಳ ವರದಿ ಬರದ್ರು ಅಂತ. ನಿಮ್ಮ ವರದೀನ ಸಾಕ್ಷಿ ಆತು ನೋಡ್ರಿ. ನೀವು ಬರೀದ ಇದ್ದಿದ್ರ ನಮಗ ಗೊತ್ತನ ಆಗ್ತಿರಲಿಲ್ಲ."

"ಅವರ ಮಗ?"

"ಸರಕಾರಿ ಹಾಸ್ಟೆಲಿನ್ಯಾಗ ಅದಾನ. ಅಪ್ಪನ್ನ ನೋಡಾಕ ಕರಕೊಂಡು ಹೋಗ್ತೀವಿ ಬಾ ಅಂದ್ರ, ಅಲ್ಲಿ ನನ್ನ ಕೆಲಸೇನೈತಿ ಅಂತ ಕೇಳಿದನಂತ. ಭಾಳ ಶ್ಯಾಣ್ಯಾ ಹುಡುಗ." ಬಸವಪ್ರಭು ಪೇಡೆಯ ಡಬ್ಬಿ ಅವಳತ್ತ ಚಾಚಿದ. "ಈಗ ಇಬ್ರೂ ಸಮ ಆದ್ವಿ. ಅದಕ್ಕ ಮುಂದಿನ ವರ್ಷದಿಂದ ನಾವು ಅಂಗನವಾಡಿಯಿಂದನ ಹದ ಮಾಡ್ತೀವ್ರಿ. ಮಾತು ಬರೂಕಿಂತ ಮೊದ್ಲ ಮಾಡಿಬಿಟ್ರ ಅಳಸೂದು ಭಾಳ ಇರಂಗಿಲ್ಲ ನೋಡ್ರಿ."

ಸ್ವಲ್ಪ ಹೊತ್ತಿಗೆ ಮಹಾಲಿಂಗಯ್ಯನವರ ಫೋನು ಬಂತು. "ಆಚೆ ಕಡೆ ಹೊಸದೇನಾದ್ರೂ ಶುರು ಮಾಡಿದಾರೇನಮ್ಮ?"

ಶಶಿರೇಖಾ ಕಿಟಕಿಯಾಚೆ ನೋಡಿದಳು. ಜೀವನದಲ್ಲಿ ಮೊದಲ ಸಲ ಕೆಲಸದ ವಿಷಯದಲ್ಲಿ ಸುಳ್ಳು ಹೇಳಿದಳು. "ಏನೂ ಇಲ್ಲ ಸರ್. ಹೊಸದಾಗಿ ಮಕ್ಕಳಿಗೆ ಈಜು ಕಲಿಸ್ತಾರಂತೆ. ಅಷ್ಟೇ."

ಮಹಾಲಿಂಗಯ್ಯ ಅದೇ ಮೃದುದನಿಯಲ್ಲಿ ಹೇಳಿದರು: "ಬಸವಪ್ರಭು ಬೆಳಿಗ್ಗೇನೇ ಫೋನ್ ಮಾಡಿ ಅಂಗನವಾಡಿ ವಿಷಯ ಎಲ್ಲಾ ಹೇಳಿದ್ರಮ್ಮ. ನಾವೂ ಆಗ್ಲೇ ಆದೇಶ ಹೊರಡಿಸಿದ್ವಿ. ನೀವು ತುಂಬಾ ದಣಿದಿದ್ದೀರಿ. ಮನೆಗೆ ಹೋಗಿ, ಮಗಳ ಜೊತೆ ಇರಿ. ಆ ಕುರ್ಚಿಗೆ ಬೇರೆಯೋರನ್ನ ಕಳಿಸ್ತೀವಿ."

ಅವಳು ಮನೆಗೆ ಹೋದಳು, ಮಗಳ ಜೊತೆ ಇದ್ದಳು.

ಬೇರೆ ದಾರಿ ಕಾಣದೆ ಮಗಳಿಗೆ ಪಾಠ ಹೇಳಿಕೊಡತೊಡಗಿದಳು. ನೋವಾದರೆ ಅಮ್ಮನ ಹತ್ತಿರ ಬರಬೇಕು. ಹೆದರಿಕೆಯಾದರೆ ಅಪ್ಪನ ಕೈ ಹಿಡಿಯಬೇಕು. ಶಾಲೆಯಿಂದ ಬಂದಕೂಡಲೇ ಇಬ್ಬರನ್ನೂ ಒಂದು ಸಲ ತಬ್ಬಿಕೊಳ್ಳಬೇಕು. ಮೇದಿನಿ ಬೇಸರವಿಲ್ಲದೆ ಕೇಳಿದಳು, ಬೇಗ ಕಲಿತಳು. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಸಂಜೆ ಬಂದು ಚೀಲ ಇಳಿಸಿ ಇಬ್ಬರನ್ನೂ ತಬ್ಬಿ ಕೈಕಾಲು ತೊಳೆಯಲು ಹೋಗುತ್ತಿದ್ದಳು. ಕೆಲವು ದಿನಗಳಲ್ಲೇ ಓಂಕಾರನಿಗೆ ಅದನ್ನು ಸಹಿಸಲಾಗದೆ, ಅವಳು ಬರುವ ಹೊತ್ತಿಗೆ ಸರಿಯಾಗಿ ಪಶು ಆಸ್ಪತ್ರೆಗೆ ಹೊರಟುಬಿಡುತ್ತಿದ್ದ.

ಶ್ರಾವಣದ ಒಂದು ಭಾನುವಾರ ಮೇದಿನಿಗೆ ಜ್ವರ ಬಂತು. ಹಾಸಿಗೆಯಿಂದ ತಾನೇ ಎದ್ದು, ಹೊದಿಕೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಶಶಿರೇಖಾ ಸೊಪ್ಪು ಸೋಸುತ್ತ ನೆಲದ ಮೇಲೆ ಕೂತಿದ್ದಳು.

"ಅಮ್ಮ, ಮೈ ಬಿಸಿ ಇದೆ. ತಲೆ ನೋಯ್ತಿದೆ," ಎಂದು ಹೇಳಿ ಮೇದಿನಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಶಶಿರೇಖಾ ಸೊಪ್ಪನ್ನು ಬದಿಗೆ ಸರಿಸಿದಳು. ಇದನ್ನು ತಾನು ಹೇಳಿಕೊಟ್ಟಿರಲಿಲ್ಲವಲ್ಲ? ಹತ್ತಿರ ಬರಬೇಕೆಂದು ಹೇಳಿದ್ದಳೇ ಹೊರತು ತೊಡೆಯ ಮೇಲೆ ಮಲಗಬೇಕೆಂದು ಹೇಳಿದ ನೆನಪಿಲ್ಲ. ಎಲ್ಲೋ ಒಂದು ಬೇರು ಉಳಿದಿರಬಹುದು. ಒದ್ದೆಗೈಯನ್ನು ಸೀರೆಗೆ ಒರೆಸಿಕೊಂಡು ಮಗಳ ಹಣೆಯ ಮೇಲೆ ಇಟ್ಟಳು. ಸುಡುತ್ತಿತ್ತು. ಕೂದಲು ಹಿಂದಕ್ಕೆ ಸರಿಸಿದಳು, ಬೆನ್ನು ಸವರಿದಳು, ಮಗು ಹಾಲು ಕುಡಿಯುವಾಗ ಹೇಳುತ್ತಿದ್ದ ಜೋಗುಳದ ಎರಡು ಸಾಲನ್ನು ಸಣ್ಣಗೆ ಗುನುಗಿದಳು. ಮೇದಿನಿ ಅಲುಗಾಡದೆ ಮಲಗಿದ್ದಳು. ಅವಳ ಉಸಿರು ನಿಧಾನವಾಯಿತು. ನಿದ್ದೆ ಹತ್ತಿರಬೇಕೆಂದು ಶಶಿರೇಖಾ ಬಗ್ಗಿ ನೋಡಿದಳು.

ಮೇದಿನಿಯ ಕಣ್ಣುಗಳು ತೆರೆದೇ ಇದ್ದವು.

"ಅಮ್ಮ," ಎಂದಳು. "ಇನ್ನು ಏಳಬಹುದಾ? ಓದೋದು ಉಳಿದಿದೆ."

ಶಶಿರೇಖಾ ಮಗಳ ಬೆನ್ನ ಮೇಲಿನ ಕೈ ತೆಗೆದಳು. ಅಪ್ಪಣೆಯಿಲ್ಲದೆ ಏಳಬಾರದೆಂದು ಮಗು ಕಾಯುತ್ತಿತ್ತು.

"ಏಳು," ಎಂದಳು.